ಒಪ್ಪೊತ್ತು, ಮಾಂಸವರ್ಜನೆ ಮತ್ತು ವಿವೇಕ: ಬೆಂಗಳೂರಿನ ಕಥೋಲಿಕ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ತಪಸ್ಸುಕಾಲ, ಅಂದರೆ ಪಾಸ್ಖ (ಈಸ್ಟರ್) ಹಬ್ಬಕ್ಕೆ ಮುಂಚಿನ ತಪಸ್ಸಿನ ದಿನಗಳು, ಶುರುವಾದ ಕೂಡಲೇ ಕೆಲವರು 40 ದಿನವೂ ಒಪ್ಪೊತ್ತು ಎಂದು ಹೊರಡುತ್ತಾರೆ, ಎರಡನೇ ವಾರಕ್ಕೆ ಹೊಟ್ಟೆಯ ಸಂಕಟ ತಾಳಲಾರದೆ ಎಲ್ಲವನ್ನೂ ಬಿಡುತ್ತಾರೆ. ಇನ್ನು ಕೆಲವರು ಸಕ್ಕರೆ ಕಾಯಿಲೆಯಿದ್ದೂ ಯಾರನ್ನೂ ಕೇಳದೆ ಉಪವಾಸ ಮಾಡಿ, ಶುಭ ಶುಕ್ರವಾರದ (ಗುಡ್ ಫ್ರೈಡೇ) ಶಿಲುಬೆ ಹಾದಿಯ ಪ್ರಾರ್ಥನೆಯಲ್ಲಿ ತಲೆತಿರುಗಿ ಬೀಳುತ್ತಾರೆ. ಇದೆಲ್ಲ ಹಳೆಯ ಕಾಲದ್ದೆಂದು ಪೂರಾ ಕೈಬಿಟ್ಟವರೂ ಇದ್ದಾರೆ. ನಿಯಮ ನಿಜವಾಗಿ ಏನು ಕೇಳುತ್ತದೆ ಎಂಬುದು ಈ ಮೂವರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಧರ್ಮಸಭೆ (ಚರ್ಚ್) ಕಡ್ಡಾಯವಾಗಿ ಕೇಳುವುದು ಬಹಳ ಕಡಿಮೆ. ಆ ಕಡಿಮೆಯನ್ನು ಪೂರ್ತಿಯಾಗಿ ಪಾಲಿಸಿ, ಅದರ ಮೇಲೆ ನಿಮ್ಮ ಮೈ ತಡೆಯುವಷ್ಟನ್ನು ಮಾತ್ರ ಸೇರಿಸಿ, ಉಳಿಸಿದ್ದನ್ನು ಹಸಿದವರಿಗೆ ಮುಟ್ಟಿಸಿ. ಈ ಬರಹದ ಸಲಹೆಗಳೆಲ್ಲ ಈ ಕ್ರಮದ ಮೇಲೆಯೇ ನಿಂತಿವೆ.

ಮೊದಲು ನಿಯಮ ತಿಳಿಯಿರಿ

ಮೂರು ಬೇರೆ ಬೇರೆ ಸಂಗತಿಗಳನ್ನು ಜನ "ಉಪವಾಸ" ಎಂಬ ಒಂದೇ ಮಾತಿನಲ್ಲಿ ಕಲಸಿಬಿಡುತ್ತಾರೆ. ಅವನ್ನು ಬಿಡಿಸಿಟ್ಟುಕೊಂಡರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಮೊದಲನೆಯದು ಒಪ್ಪೊತ್ತು: ದಿನಕ್ಕೆ ಒಂದೇ ಪೂರ್ತಿ ಊಟ. ಇದು ಕಡ್ಡಾಯವಾಗಿರುವುದು ವರ್ಷದಲ್ಲಿ ಎರಡೇ ದಿನ, ತಪಸ್ಸುಕಾಲದ ಮೊದಲ ದಿನವಾದ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. 18 ವರ್ಷ ತುಂಬಿದವರಿಂದ 59 ತುಂಬುವವರೆಗಿನವರಿಗೆ ಇದು ಅನ್ವಯಿಸುತ್ತದೆ. ಒಂದು ಊಟವೆಂದರೆ ಉಳಿದ ಹೊತ್ತು ಬರೀ ನೀರು ಎಂದರ್ಥವಲ್ಲ. ಪೋಪ್ ಆರನೇ ಪೌಲ್ 1966ರಲ್ಲಿ ಹೊರಡಿಸಿದ ಆದೇಶದಲ್ಲೇ ಬೆಳಿಗ್ಗೆ ಮತ್ತು ಸಂಜೆ ಸ್ವಲ್ಪ ಆಹಾರ ತೆಗೆದುಕೊಳ್ಳಲು ಅವಕಾಶವಿದೆ. ಎಷ್ಟು, ಎಂಥದು ಎಂಬುದನ್ನು ಆಯಾ ನಾಡಿನ ರೂಢಿಗೆ ಬಿಡಲಾಗಿದೆ. ಆ ಎರಡು ಸಣ್ಣ ತಿನಿಸುಗಳನ್ನು ಕೂಡಿಸಿದರೂ ಒಂದು ಪೂರ್ತಿ ಊಟದಷ್ಟು ಆಗಬಾರದು ಎಂಬ ಅಳತೆಯನ್ನು ಇಟ್ಟುಕೊಂಡರೆ ತಪ್ಪುವುದಿಲ್ಲ.

ಎರಡನೆಯದು ಮಾಂಸವರ್ಜನೆ. 14 ತುಂಬಿದವರಿಂದ ಹಿಡಿದು ಬದುಕಿರುವವರೆಗೂ ಇದು ಅನ್ವಯಿಸುತ್ತದೆ. 59ರ ಮಿತಿ ಇದಕ್ಕಿಲ್ಲ. 70 ದಾಟಿದ ಅಜ್ಜ ಒಪ್ಪೊತ್ತು ಮಾಡಬೇಕಿಲ್ಲ, ಆದರೆ ಆರೋಗ್ಯವಾಗಿದ್ದರೆ ಶುಕ್ರವಾರ ಕೋಳಿಸಾರು ಬಿಡಬೇಕು. ಎಷ್ಟೋ ಮನೆಗಳಲ್ಲಿ ಇದನ್ನು ತಿರುವುಮುರುವು ಮಾಡಿಕೊಂಡಿರುತ್ತಾರೆ. ಬೂದಿ ಬುಧವಾರಕ್ಕೂ ಶುಕ್ರವಾರಗಳಿಗೂ ಮಾಂಸವರ್ಜನೆ ಹೇಳಿದೆ. 1983ರ ಧರ್ಮಸಭಾ ಕಾನೂನು ಸಂಹಿತೆ ತಪಸ್ಸುಕಾಲದ ಶುಕ್ರವಾರಗಳನ್ನಷ್ಟೇ ಅಲ್ಲ, ವರ್ಷದ ಎಲ್ಲ ಶುಕ್ರವಾರಗಳನ್ನೂ ತಪಸ್ಸಿನ ದಿನಗಳೆಂದೇ ಕರೆಯುತ್ತದೆ. ಮಾಂಸದ ಬದಲು ಬೇರೆ ಆಹಾರವನ್ನೋ ಬೇರೆ ತಪಸ್ಸನ್ನೋ ದಾನವನ್ನೋ ಗೊತ್ತುಮಾಡುವ ಅಧಿಕಾರ ಆಯಾ ದೇಶದ ಬಿಷಪರ ಮಂಡಳಿಗಿದೆ. ತಪಸ್ಸುಕಾಲದ ಹೊರಗಿನ ಶುಕ್ರವಾರ ನಿಮ್ಮಲ್ಲಿ ಏನು ನಡೆಯುತ್ತದೆಂದು ಧರ್ಮಕೇಂದ್ರದ (ನಿಮ್ಮ ಚರ್ಚಿನ) ಗುರುಗಳನ್ನು ಒಮ್ಮೆ ಕೇಳಿಕೊಳ್ಳಿ. ನಮ್ಮ ಸಲಹೆ ಕೇಳಿದರೆ, ವರ್ಷಪೂರ್ತಿ ಶುಕ್ರವಾರ ಮಾಂಸ ಬಿಡುವುದೇ ಸುಲಭ. ಪ್ರತಿ ವಾರ "ಇವತ್ತು ಏನು ಮಾಡಲಿ" ಎಂದು ಯೋಚಿಸಬೇಕಾದ ತಪಸ್ಸು ಮೂರನೇ ತಿಂಗಳಿಗೆ ಮರೆತೇ ಹೋಗುತ್ತದೆ.

ಮೂರನೆಯದು ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸ್ವೀಕರಿಸುವ ಮುಂಚಿನ ಒಂದು ಗಂಟೆಯ ಉಪವಾಸ. ಇದು ಪ್ರತಿ ಬಲಿಪೂಜೆಗೂ (ಮಾಸ್) ಇದೆ. ಮುಂದೆ ಬೇರೆಯಾಗಿ ಹೇಳಿದ್ದೇವೆ.

ಶುಕ್ರವಾರದಂದು ಮಹೋತ್ಸವ, ಅಂದರೆ ಧರ್ಮಸಭೆಯ ಅತಿ ದೊಡ್ಡ ದರ್ಜೆಯ ಹಬ್ಬ, ಬಿದ್ದರೆ ಮಾಂಸವರ್ಜನೆ ಇರುವುದಿಲ್ಲ. 2026ರ ಕ್ರಿಸ್ಮಸ್ ಶುಕ್ರವಾರ, 2027ರ ಜನವರಿ 1 ಕೂಡ ಶುಕ್ರವಾರ, ಎರಡೂ ಮಹೋತ್ಸವಗಳೇ. 2027ರಲ್ಲಿ ಬೂದಿ ಬುಧವಾರ ಫೆಬ್ರವರಿ 10ಕ್ಕೆ, ಶುಭ ಶುಕ್ರವಾರ ಮಾರ್ಚ್ 26ಕ್ಕೆ, ಪಾಸ್ಖ ಹಬ್ಬ ಮಾರ್ಚ್ 28ಕ್ಕೆ ಬರುತ್ತವೆ. ಆ ವರ್ಷ ಮಾರ್ಚ್ 19ರ ಸಂತ ಜೋಸೆಫರ ಮಹೋತ್ಸವವೂ ಶುಕ್ರವಾರವೇ, ಹಾಗಾಗಿ ತಪಸ್ಸುಕಾಲದ ನಡುವೆಯೂ ಅಂದು ಮಾಂಸ ತಿನ್ನಬಹುದು. ಯೇಸುವಿನ ಪವಿತ್ರ ಹೃದಯದ ಮಹೋತ್ಸವ ಯಾವಾಗಲೂ ಶುಕ್ರವಾರವೇ ಬರುತ್ತದೆ, 2027ರಲ್ಲಿ ಜೂನ್ 4ಕ್ಕೆ. ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಈ ದಿನಗಳನ್ನು ಜನವರಿಯಲ್ಲೇ ಗುರುತು ಹಾಕಿಡಿ. ಭಾನುವಾರಗಳು ತಪಸ್ಸುಕಾಲದಲ್ಲೂ ಉಪವಾಸದ ದಿನಗಳಲ್ಲ: ಬೂದಿ ಬುಧವಾರದಿಂದ ಪವಿತ್ರ ಶನಿವಾರದವರೆಗೆ 46 ದಿನ, ಅದರಲ್ಲಿ ಆರು ಭಾನುವಾರ ಕಳೆದರೆ 40.

ನಿಮಗೆ ಒಪ್ಪೊತ್ತು ಬೇಡವೇ ಎಂದು ಮುಂಚೆಯೇ ತೀರ್ಮಾನಿಸಿ

ಈ ಹೆಜ್ಜೆಯನ್ನು ಬೂದಿ ಬುಧವಾರಕ್ಕೆ ಎರಡು ವಾರ ಮುಂಚೆ ಇಡಬೇಕು. ಅಂದು ಬೆಳಿಗ್ಗೆ ಎದ್ದು ಯೋಚಿಸಿದರೆ ತಡವಾಯಿತು.

ಗರ್ಭಿಣಿಯರು, ಮೊಲೆಯೂಡಿಸುವ ತಾಯಂದಿರು, ಕಾಯಿಲೆಯವರು, ಆಪರೇಷನ್ ಆಗಿ ಚೇತರಿಸಿಕೊಳ್ಳುತ್ತಿರುವವರು ಒಪ್ಪೊತ್ತು ಮಾಡಬಾರದು. ಮಾಡದಿದ್ದರೆ ಪಾಪವೂ ಅಲ್ಲ. ಗಾರೆ ಕೆಲಸದವರು, ಮೂಟೆ ಹೊರುವವರು, ಬಿಸಿಲಲ್ಲಿ ದಿನವಿಡೀ ಬೈಕ್ ಓಡಿಸಿ ಪಾರ್ಸೆಲ್ ಮುಟ್ಟಿಸುವವರು, ಪೀಣ್ಯದ ಕಾರ್ಖಾನೆಗಳಲ್ಲಿ ಭಾರದ ಯಂತ್ರದ ಮುಂದೆ ನಿಲ್ಲುವವರು ಹೊಟ್ಟೆ ಖಾಲಿಯಿಟ್ಟರೆ ಅಪಾಯ ಅವರಿಗಷ್ಟೇ ಅಲ್ಲ, ಪಕ್ಕದವರಿಗೂ ಹೌದು. ಕಾರಣ ಇಂಥದ್ದೆಂದು ಸ್ಪಷ್ಟವಿದ್ದರೆ ನಿಯಮ ನಿಮ್ಮನ್ನು ಕಟ್ಟುವುದಿಲ್ಲ. ಅನುಮಾನವಿದ್ದರೆ ಧರ್ಮಕೇಂದ್ರದ ಗುರುಗಳ ಹತ್ತಿರ ಹೋಗಿ. ತಕ್ಕ ಕಾರಣವಿದ್ದರೆ ನಿಮಗೆ ಆ ದಿನದ ವಿನಾಯಿತಿ ಕೊಡುವ, ಅಥವಾ ಅದನ್ನು ಬೇರೊಂದು ಪುಣ್ಯಕಾರ್ಯಕ್ಕೆ ಬದಲಿಸುವ ಅಧಿಕಾರ ಅವರಿಗಿದೆ. "ಫಾದರ್, ನನಗೆ ಶುಗರ್ ಇದೆ, ಮಾತ್ರೆ ತಗೊಳ್ತೀನಿ, ಒಪ್ಪೊತ್ತಿನ ಬದಲು ಏನು ಮಾಡಲಿ?" ಎಂದು ಕೇಳಿದರೆ ಎರಡು ನಿಮಿಷದ ಮಾತು.

ಸಕ್ಕರೆ ಕಾಯಿಲೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚಿನ ಅನಾಹುತ ಇಲ್ಲೇ ಆಗುವುದು. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರು ಊಟ ಕಡಿಮೆ ಮಾಡಿ ಔಷಧಿಯನ್ನು ಎಂದಿನಷ್ಟೇ ತೆಗೆದುಕೊಂಡರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಕೈ ನಡುಕ, ತಣ್ಣನೆಯ ಬೆವರು, ಎದೆ ಡವಗುಟ್ಟುವುದು, ಮಾತು ತೊದಲುವುದು ಅದರ ಸುಳಿವು. ಗ್ಲೂಕೋಮೀಟರಿನಲ್ಲಿ 70ಕ್ಕಿಂತ ಕೆಳಗೆ ತೋರಿಸಿದರೆ ಉಪವಾಸ ಅಲ್ಲಿಗೇ ಮುಗಿಯಿತು: 3 ಟೀ ಚಮಚ ಸಕ್ಕರೆಯನ್ನು ನೀರಿಗೆ ಕಲಸಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕುಡಿಯಿರಿ, ಸರಿಹೋದ ಮೇಲೆ ಊಟ ಮಾಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಡಾಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆ ಮೂತ್ರದ ಮೂಲಕ ಸಕ್ಕರೆಯನ್ನೂ ನೀರನ್ನೂ ಹೊರಹಾಕುತ್ತದೆ. ಅದರ ಜೊತೆ ಊಟವೂ ನೀರೂ ಕಡಿಮೆಯಾದರೆ ತೊಂದರೆ ಬೇರೆ ಬಗೆಯದು, ಇನ್ನೂ ಗಂಭೀರವಾದದ್ದು. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಯವರಿಗೆ ಬಿಸಿಲಲ್ಲಿ ತಲೆಸುತ್ತು ಬೇಗ ಬರುತ್ತದೆ. ಇಂಥವರೆಲ್ಲ ವೈದ್ಯರನ್ನು ಕೇಳಿದ ನಂತರವೇ ಮುಂದುವರಿಯಬೇಕು. ಔಷಧಿಯನ್ನು ನೀವೇ ಕಡಿಮೆ ಮಾಡುವುದಾಗಲಿ ಬಿಡುವುದಾಗಲಿ ತಪಸ್ಸಲ್ಲ.

ತೂಕದ ಚಿಂತೆಯಲ್ಲಿ ಊಟ ಬಿಡುವ, ತಿಂದದ್ದನ್ನು ವಾಂತಿ ಮಾಡಿಕೊಳ್ಳುವ ತೊಂದರೆಯಿಂದ ಹೊರಬಂದವರೂ ಒಪ್ಪೊತ್ತಿನಿಂದ ದೂರವಿರಲಿ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳೋ ಮಗನೋ ತಪಸ್ಸುಕಾಲದ ನೆಪದಲ್ಲಿ ತಟ್ಟೆ ಖಾಲಿಯಿಡುತ್ತಿದ್ದರೆ ಅದನ್ನು ಭಕ್ತಿಯೆಂದು ಹೊಗಳುವ ಮುಂಚೆ ಪಕ್ಕದಲ್ಲಿ ಕೂತು ಮಾತಾಡಿಸಿ.

ಒಪ್ಪೊತ್ತು ಬೇಡವಾದವರಿಗೆ ದಾರಿಗಳಿವೆ: ಮಾಂಸ ಬಿಡುವುದು, ಸಿಹಿಯನ್ನೋ ಕುರುಕಲನ್ನೋ ಬಿಡುವುದು, ಜಪಸರ, ಶಿಲುಬೆ ಹಾದಿ, ಹಾಸಿಗೆ ಹಿಡಿದ ಒಬ್ಬರನ್ನು ನೋಡಿ ಬರುವುದು. ಕಾಯಿಲೆಯನ್ನು ಗೊಣಗದೆ ತಾಳಿಕೊಳ್ಳುವುದೇ ಹಲವರಿಗೆ ಸಾಕಷ್ಟು ದೊಡ್ಡ ತಪಸ್ಸು.

ಒಂದು ವಾರ ಮುಂಚಿನ ತಯಾರಿ

ಉಪವಾಸದ ದಿನದ ತಲೆನೋವು ಬಹುಪಾಲು ಹಸಿವಿನದಲ್ಲ, ಕಾಫಿಯದು. ದಿನಕ್ಕೆ ಮೂರ್ನಾಲ್ಕು ಲೋಟ ಫಿಲ್ಟರ್ ಕಾಫಿ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ತಲೆ ಸಿಡಿಯಲು ಶುರುವಾಗುತ್ತದೆ. ಕಾಫಿ ಬಿಡಬೇಕೆಂದಿದ್ದರೆ ಹಿಂದಿನ ವಾರ ದಿನಕ್ಕೆ ಅರ್ಧ ಲೋಟದಂತೆ ಇಳಿಸುತ್ತ ಬನ್ನಿ. ಬಿಡಲೇಬೇಕೆಂದು ನಿಯಮವಿಲ್ಲ: ಒಪ್ಪೊತ್ತಿನ ದಿನ ಬೆಳಿಗ್ಗೆ ಒಂದು ಸಣ್ಣ ಲೋಟ ಕಾಫಿ ಕುಡಿದರೆ ಉಪವಾಸ ಕೆಡುವುದಿಲ್ಲ. ಆದರೆ ಹಾಲು ಸಕ್ಕರೆ ಹಾಕಿದ ಕಾಫಿ, ಜ್ಯೂಸ್, ಮಿಲ್ಕ್‌ಶೇಕ್‌ಗಳಿಂದಲೇ ಹೊಟ್ಟೆ ತುಂಬಿಸಿಕೊಂಡು "ಏನೂ ತಿಂದಿಲ್ಲ" ಎಂದರೆ ನಿಯಮ ಉಳಿದರೂ ಉಪವಾಸ ಉಳಿಯಲಿಲ್ಲ.

ಹಿಂದಿನ ರಾತ್ರಿ ಭರ್ಜರಿಯಾಗಿ ತಿನ್ನಬೇಡಿ. ಬೂದಿ ಬುಧವಾರದ ಹಿಂದಿನ ದಿನ ಹೊಟ್ಟೆ ಬಿರಿಯ ಬಿರಿಯಾನಿ ತಿಂದವರಿಗೆ ಮರುದಿನ ಮಧ್ಯಾಹ್ನ ಹಸಿವು ಹೆಚ್ಚೇ ಹೊರತು ಕಡಿಮೆಯಲ್ಲ, ಬಾಯಾರಿಕೆ ಬೇರೆ.

ಒಪ್ಪೊತ್ತಿನ ದಿನದ ಊಟ, ಅಳತೆ ಸಮೇತ

ಧರ್ಮಸಭೆಯ ದಿನ ಮಧ್ಯರಾತ್ರಿಯಿಂದ ಮಧ್ಯರಾತ್ರಿಯವರೆಗೆ. ಹೊರವರ್ತುಲ ರಸ್ತೆಯ ಐಟಿ ಕಚೇರಿಗಳಲ್ಲಿ ರಾತ್ರಿ ಪಾಳಿ ಮಾಡುವವರು ಇದನ್ನು ನೆನಪಿಡಬೇಕು: ಮಂಗಳವಾರ ರಾತ್ರಿ 12 ಹೊಡೆದ ಮೇಲಿನ ಕ್ಯಾಂಟೀನ್ ಊಟ ಬುಧವಾರದ ಲೆಕ್ಕಕ್ಕೆ ಸೇರುತ್ತದೆ. ಪಾಳಿಯವರು 11 ಗಂಟೆಗೆ ಊಟ ಮುಗಿಸಿ, ಬೆಳಗಿನ ಜಾವ ಸಣ್ಣ ತಿನಿಸು ತಿಂದು, ಮಲಗಿ ಎದ್ದ ಮೇಲೆ ಮಧ್ಯಾಹ್ನ ಪೂರ್ತಿ ಊಟ ಮಾಡಿದರೆ ಸರಿಹೊಂದುತ್ತದೆ.

ಬೆಳಿಗ್ಗೆಗೆ ರಾಗಿ ಅಂಬಲಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಒಬ್ಬರಿಗೆ ರಾಗಿ ಹಿಟ್ಟು 2 ದೊಡ್ಡ ಚಮಚ, ಸುಮಾರು 20 ಗ್ರಾಂ. ಅದನ್ನು 100 ಮಿಲಿ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ. ಬೇರೆ ಪಾತ್ರೆಯಲ್ಲಿ 200 ಮಿಲಿ ನೀರು ಕುದಿಸಿ, ಉಪ್ಪು ಹಾಕಿ, ಉರಿ ಸಣ್ಣ ಮಾಡಿ, ಕಲಸಿದ್ದನ್ನು ಸುರಿಯುತ್ತ ಕೈಯಾಡಿಸಿ. ಐದಾರು ನಿಮಿಷದಲ್ಲಿ ಹಸಿ ವಾಸನೆ ಹೋಗಿ ಹೊಳಪು ಬರುತ್ತದೆ, ಅಲ್ಲಿಯವರೆಗೆ ಇಳಿಸಬೇಡಿ. ಒಣ ಹಿಟ್ಟನ್ನೇ ಬಿಸಿನೀರಿಗೆ ಸುರಿದರೆ ಗಂಟು ಕಟ್ಟಿ ಒಳಗೆ ಹಸಿಯಾಗಿ ಉಳಿಯುತ್ತದೆ, ಹೊಟ್ಟೆ ಉಬ್ಬರಿಸುತ್ತದೆ. ಉಗುರು ಬೆಚ್ಚಗಾದ ಮೇಲೆ 100 ಮಿಲಿ ಮಜ್ಜಿಗೆ, ಚಿಟಿಕೆ ಜೀರಿಗೆ ಪುಡಿ ಸೇರಿಸಿ. ಬಿಸಿಯಿದ್ದಾಗಲೇ ಮಜ್ಜಿಗೆ ಹಾಕಿದರೆ ಒಡೆಯುತ್ತದೆ. ಇದೊಂದು ದೊಡ್ಡ ಲೋಟ ಹತ್ತು ಹನ್ನೊಂದರವರೆಗೆ ಹೊಟ್ಟೆ ಸುಮ್ಮನಿಡುತ್ತದೆ.

ಪೂರ್ತಿ ಊಟವನ್ನು ಮಧ್ಯಾಹ್ನ ಇಟ್ಟುಕೊಳ್ಳುವುದು ಹೆಚ್ಚಿನವರಿಗೆ ಅನುಕೂಲ. ಹೊತ್ತು ಇಂಥದ್ದೇ ಇರಬೇಕೆಂದಿಲ್ಲ. ಮನೆಮಂದಿ ರಾತ್ರಿಯೇ ಒಟ್ಟಿಗೆ ಕೂರುವುದಾದರೆ ರಾತ್ರಿಗೇ ಇಟ್ಟುಕೊಳ್ಳಿ. ಬರೀ ಅನ್ನ ತಿಳಿಸಾರು ಉಂಡರೆ ಎರಡು ಗಂಟೆಗೆ ಮತ್ತೆ ಹಸಿವು. ಕಾಳು ಇರಲೇಬೇಕು: ಒಬ್ಬರಿಗೆ 50ರಿಂದ 60 ಗ್ರಾಂ ಒಣ ಹುರುಳಿಯೋ ಅಲಸಂದೆಯೋ ಹೆಸರುಕಾಳೋ, ಹಿಂದಿನ ರಾತ್ರಿ ನೆನೆಹಾಕಿದ್ದು. ಒಂದು ರಾಗಿ ಮುದ್ದೆ ಅಥವಾ ಎರಡು ಬಟ್ಟಲು ಅನ್ನ, ಕಾಳಿನ ಬಸ್ಸಾರು, ಅದೇ ಕಾಳು ಸೊಪ್ಪಿನ ಪಲ್ಯ, ಒಂದು ಬಟ್ಟಲು ಮೊಸರು. ಇದು ಪೂರ್ತಿ ಊಟ. ಹೊಟ್ಟೆ ತುಂಬ ಉಣ್ಣಿ, ಅದಕ್ಕೆ ಸಂಕೋಚ ಬೇಡ. ಬೋಂಡ, ವಡೆ, ಸಾಬುದಾನಿ ಕರಿದದ್ದು ಬೇಡ: ಖಾಲಿ ಹೊಟ್ಟೆಗೆ ಎಣ್ಣೆ ಬಿದ್ದರೆ ಸಂಜೆಯೆಲ್ಲ ಹುಳಿತೇಗು.

ರಾತ್ರಿಗೆ ಎರಡು ಇಡ್ಲಿ, ಅಥವಾ 40 ಗ್ರಾಂ ಅವಲಕ್ಕಿಗೆ ಮೊಸರು ಕಲಸಿದ್ದು, ಅಥವಾ ಒಂದು ಚಪಾತಿ ಪಲ್ಯ. ಅದರ ಮೇಲೆ ಬಾಳೆಹಣ್ಣು, ಮೇಲೆ ಬಿಸ್ಕೆಟ್, ಮೇಲೆ ಹಾಲು ಎಂದು ಸೇರಿಸುತ್ತ ಹೋದರೆ ಅದೂ ಊಟವೇ ಆಯಿತು.

ನೀರಿಗೆ ಮಿತಿಯಿಲ್ಲ. ಫೆಬ್ರವರಿ ಕೊನೆಯಿಂದ ಬೆಂಗಳೂರಿನ ಮಧ್ಯಾಹ್ನ ಚುರುಗುಟ್ಟುತ್ತದೆ. ಎರಡೂವರೆ ಲೀಟರ್ ನೀರು, ಅದರಲ್ಲಿ ಒಂದೆರಡು ಲೋಟ ಉಪ್ಪು ಹಾಕಿದ ನೀರುಮಜ್ಜಿಗೆಯಾಗಿ ಹೋಗಲಿ. ನೀರೂ ಮುಟ್ಟದ ಉಪವಾಸವನ್ನು ಧರ್ಮಸಭೆ ಯಾರಿಂದಲೂ ಕೇಳಿಲ್ಲ. ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರಿಗಂತೂ ಅದು ನೇರ ಹಾನಿ.

ಶುಭ ಶುಕ್ರವಾರ, ಹೊತ್ತು ಹೊತ್ತಿಗೆ

ಆ ದಿನ ಬಲಿಪೂಜೆ ಇಲ್ಲ. ಬೆಳಿಗ್ಗೆ ಬಹಳ ಕಡೆ ಶಿಲುಬೆ ಹಾದಿ, ಮಧ್ಯಾಹ್ನ 3 ಗಂಟೆಯ ಸುಮಾರಿಗೆ ಯೇಸುಸ್ವಾಮಿಯ ಯಾತನೆಯ ಆರಾಧನಾವಿಧಿ, ಅದರಲ್ಲಿ ಶಿಲುಬೆಯ ಆರಾಧನೆ ಮತ್ತು ಪರಮಪ್ರಸಾದ. ಎರಡಕ್ಕೂ ಹೋಗುವವರು ತುಂಬ ಹೊತ್ತು ನಿಲ್ಲಬೇಕು, ಬಯಲಲ್ಲಿ ನಡೆಯಬೇಕು. ಬಹಳ ಜನ ಅಂದು ಬೆಳಿಗ್ಗೆ ಏನೂ ತಿನ್ನದೆ ಹೊರಡುತ್ತಾರೆ, ಹನ್ನೊಂದರ ಬಿಸಿಲಿಗೆ ಕುಸಿಯುತ್ತಾರೆ, ಮೂರು ಗಂಟೆಯ ವಿಧಿಗೆ ಬರಲಾಗುವುದೇ ಇಲ್ಲ. ಆ ದಿನದ ಮುಖ್ಯ ಪ್ರಾರ್ಥನೆಯೇ ತಪ್ಪಿಹೋದರೆ ಆ ಹಸಿವಿನಿಂದ ಏನು ಪ್ರಯೋಜನ?

ಆರೂವರೆಗೆ ಅಂಬಲಿ ಕುಡಿದು ಹೊರಡಿ. ನೀರಿನ ಬಾಟಲಿ, ಟೋಪಿ ಅಥವಾ ತಲೆಗೆ ಸೆರಗು ಇರಲಿ. ಹನ್ನೆರಡೂವರೆಗೆ ಪೂರ್ತಿ ಊಟ. ಪರಮಪ್ರಸಾದ ಸಿಗುವುದು ನಾಲ್ಕು ಗಂಟೆ ದಾಟಿದ ಮೇಲೆಯೇ ಆದ್ದರಿಂದ ಒಂದು ಗಂಟೆಯ ನಿಯಮ ತಾನಾಗಿ ಪಾಲನೆಯಾಗುತ್ತದೆ. ರಾತ್ರಿ ಸಣ್ಣ ತಿನಿಸು. ಊಟವನ್ನು ವಿಧಿ ಮುಗಿದ ಮೇಲೆಯೇ ಮಾಡಬೇಕೆನ್ನುವವರು ಮಧ್ಯಾಹ್ನ ಇಡ್ಲಿ ತಿಂದು ಸಂಜೆ ಆರಕ್ಕೆ ಉಣ್ಣಲಿ. ಮೂರು ಗಂಟೆವರೆಗೆ ಏನೂ ಬೇಡವೆಂಬ ಗಟ್ಟಿಗರೂ ಇದ್ದಾರೆ. ಅವರು ಆರೋಗ್ಯವಾಗಿದ್ದು, ಅಂದು ಗಾಡಿ ಓಡಿಸುವುದಿಲ್ಲವಾದರೆ ಅಡ್ಡಿಯಿಲ್ಲ.

ಶುಭ ಶುಕ್ರವಾರದ ಉಪವಾಸವನ್ನು ಸಾಧ್ಯವಾದರೆ ಪವಿತ್ರ ಶನಿವಾರಕ್ಕೂ ಮುಂದುವರಿಸಬೇಕೆಂದು ಜಗತ್ತಿನ ಬಿಷಪರು ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ ಬಯಸಿತು. ಕಡ್ಡಾಯವಿಲ್ಲ, ಆದರೆ ಮೈಯಲ್ಲಿ ಶಕ್ತಿಯಿದ್ದವರು ಹೆಚ್ಚಿಗೆ ಏನಾದರೂ ಮಾಡಬೇಕೆಂದರೆ ಮೊದಲು ಸೇರಿಸಬೇಕಾದ ದಿನ ಇದೇ.

ಮಾಂಸ ಬಿಡುವುದು: ನಗರದಲ್ಲಿ ಎಡವುವ ಜಾಗಗಳು

ಕುರಿ, ಕೋಳಿ, ಹಂದಿ, ದನ, ಬಾತು ಇವೆಲ್ಲ ಮಾಂಸ. ಮೀನು, ಸೀಗಡಿ, ಏಡಿ, ಮೊಟ್ಟೆ, ಹಾಲು ಮೊಸರು ತುಪ್ಪ ಮಾಂಸವಲ್ಲ. ಶುಭ ಶುಕ್ರವಾರ ಮೀನು ಮೊಟ್ಟೆಯನ್ನೂ ಬಿಡುವುದು ಎಷ್ಟೋ ಮನೆಗಳ ರೂಢಿ. ಒಳ್ಳೆಯದೇ, ಆದರೆ ಬಿಡದವರನ್ನು ಆಡಿಕೊಳ್ಳುವ ಹಕ್ಕು ಯಾರಿಗೂ ಇಲ್ಲ.

ಗೊತ್ತಿಲ್ಲದೆ ಮಾಂಸ ತಟ್ಟೆಗೆ ಬರುವ ಜಾಗಗಳು ಇವು. ಬಿರಿಯಾನಿ ಹೋಟೆಲಿನ ಕುಷ್ಕಾದಲ್ಲಿ ತುಂಡು ಇರುವುದಿಲ್ಲ ಅಷ್ಟೇ, ಅನ್ನ ಬೆಂದದ್ದು ಮಾಂಸದ ಜೊತೆಗೇ. ಮಿಲಿಟರಿ ಹೋಟೆಲಿನಲ್ಲಿ ಮುದ್ದೆಯ ಜೊತೆ ಕೇಳದೆಯೇ ಸುರಿಯುವ ಸಾರು ತಲೆಕಾಲಿನದೋ ಬೋಟಿಯದೋ ಆಗಿರುತ್ತದೆ. ರಸ್ತೆಬದಿಯ ಗಾಡಿಯ ಎಗ್ ಫ್ರೈಡ್ ರೈಸ್ ಅದೇ ಬಾಣಲೆಯಲ್ಲಿ, ಕೆಲವು ಕಡೆ ಕೋಳಿ ಬೇಯಿಸಿದ ನೀರಿನಲ್ಲೇ ಆಗುತ್ತದೆ. ಬೇಕರಿಯಲ್ಲಿ ಎಗ್ ಪಫ್ಸ್ ಕೇಳಿದರೆ ಚಿಕನ್ ಪಫ್ಸ್ ಕೈಗೆ ಬರುವುದುಂಟು, ಮುರಿದು ನೋಡಿ ತಿನ್ನಿ. ಮನೆಯಲ್ಲಿ ಸೂಪಿಗೆ ಹಾಕುವ ಚಿಕನ್ ಕ್ಯೂಬ್ ಕೂಡ ಅಂದು ಡಬ್ಬಿಯಲ್ಲೇ ಇರಲಿ. ತಿಳಿಯದೆ ತಿಂದರೆ ತಪ್ಪಿಲ್ಲ. ಗೊತ್ತಾದ ಕೂಡಲೇ ನಿಲ್ಲಿಸಿ, ಅಷ್ಟೇ. ಮನಸ್ಸಿಗೆ ಹಚ್ಚಿಕೊಂಡು ಕೊರಗಬೇಡಿ.

ನಿಯಮದೊಳಗೇ ಇದ್ದು ಅದರ ಉದ್ದೇಶವನ್ನು ಕಳೆದುಕೊಳ್ಳುವ ಬಗೆಯೂ ಒಂದಿದೆ: ಶುಕ್ರವಾರ ಮಾಂಸವಿಲ್ಲವೆಂದು ರಸೆಲ್ ಮಾರ್ಕೆಟ್ಟಿನಿಂದ ದುಬಾರಿ ಅಂಜಲ್ ಮೀನು ತಂದು ತವಾ ಫ್ರೈ ಮಾಡುವುದು, ಅಥವಾ ಸೀಗಡಿ ಘೀ ರೋಸ್ಟ್ ತರಿಸುವುದು. ಮೀನು ತಿನ್ನುವುದಾದರೆ ಬೂತಾಯಿ, ಬಂಗುಡೆ ಸಾಕು. ಸೊಪ್ಪು ಸಾರು ಅದಕ್ಕಿಂತ ಒಳ್ಳೆಯದು.

ಹುಟ್ಟುಹಬ್ಬ, ಮದುವೆ ಮಾತುಕತೆ, ಆಫೀಸಿನ ಟೀಮ್ ಲಂಚ್ ಆಗಾಗ ಶುಕ್ರವಾರಕ್ಕೇ ಬರುತ್ತವೆ. ಸಸ್ಯಾಹಾರ ಸುಲಭವಾಗಿ ಸಿಗುವ ಈ ಊರಿನಲ್ಲಿ ಇದು ದೊಡ್ಡ ಸಮಸ್ಯೆಯಲ್ಲ: ವೆಜ್ ತಟ್ಟೆ ತೆಗೆದುಕೊಂಡು ಸುಮ್ಮನೆ ಕೂತರೆ ಯಾರೂ ಗಮನಿಸುವುದೂ ಇಲ್ಲ. ಕೇಳಿದರೆ "ಇವತ್ತು ಮಾಂಸ ತಿನ್ನಲ್ಲ" ಎಂದಷ್ಟೇ ಹೇಳಿ. ಬೂದಿ ಬುಧವಾರ ಓದುವ ಮತ್ತಾಯನ ಶುಭಸಂದೇಶದ ಆರನೇ ಅಧ್ಯಾಯದಲ್ಲಿ ಯೇಸು ಹೇಳುವುದು ಇದನ್ನೇ: ಉಪವಾಸ ಮಾಡುವಾಗ ತಲೆಗೆ ಎಣ್ಣೆ ಹಚ್ಚಿ, ಮುಖ ತೊಳೆದುಕೊಳ್ಳಿ, ಜನರಿಗೆ ಕಾಣುವಂತೆ ಮುಖ ಬಾಡಿಸಬೇಡಿ.

ಹೊಸತೊಡಕಿನ ಪ್ರಶ್ನೆ ಬೇರೆ. ಯುಗಾದಿ ಎಷ್ಟೋ ವರ್ಷ ತಪಸ್ಸುಕಾಲದೊಳಗೇ ಬೀಳುತ್ತದೆ. 2026ರಲ್ಲಿ ಯುಗಾದಿ ಮಾರ್ಚ್ 19ರ ಗುರುವಾರ, ಹಾಗಾಗಿ ಮರುದಿನದ ಹೊಸತೊಡಕು ತಪಸ್ಸುಕಾಲದ ಶುಕ್ರವಾರಕ್ಕೇ ಬಂತು. ಪಕ್ಕದ ಮನೆಯವರು ಪ್ರೀತಿಯಿಂದ ಮಟನ್ ಸಾರಿನ ಡಬ್ಬಿ ಕೊಟ್ಟರೆ ಬೇಡವೆನ್ನಬೇಡಿ. ಸಂತೋಷದಿಂದ ತೆಗೆದುಕೊಂಡು ಫ್ರಿಜ್ಜಿನಲ್ಲಿಟ್ಟು ಶನಿವಾರ ಚೆನ್ನಾಗಿ ಕುದಿಸಿ ಉಣ್ಣಿ. ಡಬ್ಬಿ ತೊಳೆದು ಹಿಂದಿರುಗಿಸುವಾಗ ಖಾಲಿ ಕೊಡಬೇಡಿ.

ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆ

ಲೆಕ್ಕ ಬಲಿಪೂಜೆ ಶುರುವಾಗುವ ಹೊತ್ತಿನಿಂದಲ್ಲ, ಪರಮಪ್ರಸಾದ ಸ್ವೀಕರಿಸುವ ಹೊತ್ತಿನಿಂದ ಹಿಂದಕ್ಕೆ. ಏಳರ ಪೂಜೆಯಲ್ಲಿ ಪ್ರಸಾದ ಏಳೂ ಮುಕ್ಕಾಲಿಗೆ ಸಿಗುವುದಾದರೆ ಆರೂ ಮುಕ್ಕಾಲಿನೊಳಗೆ ಕಾಫಿ ಮುಗಿದಿರಲಿ. ಇಲ್ಲಿ ಕಾಫಿಯೂ ಉಪವಾಸ ಮುರಿಯುತ್ತದೆ. ನೀರು ಮತ್ತು ಔಷಧಿಗೆ ಮಾತ್ರ ವಿನಾಯಿತಿ. ಚ್ಯೂಯಿಂಗ್ ಗಮ್, ಎಲೆ ಅಡಿಕೆ ಬೇಡ. ವೃದ್ಧರಿಗೂ ಕಾಯಿಲೆಯವರಿಗೂ ಅವರನ್ನು ನೋಡಿಕೊಳ್ಳುವವರಿಗೂ ಈ ನಿಯಮವಿಲ್ಲ. ಹಿಂದೆ ಮಧ್ಯರಾತ್ರಿಯಿಂದಲೇ ಏನೂ ಮುಟ್ಟುತ್ತಿರಲಿಲ್ಲ. 1957ರಲ್ಲಿ ಅದು ಮೂರು ಗಂಟೆಗೆ, 1964ರಲ್ಲಿ ಒಂದು ಗಂಟೆಗೆ ಇಳಿಯಿತು. ಮನೆಯ ಹಿರಿಯರು ಹಳೆಯ ನಿಯಮ ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ.

ಹೆಚ್ಚಿಗೆ ಮಾಡಬೇಕೆಂದರೆ

ಕಡ್ಡಾಯದ್ದು ರೂಢಿಯಾದ ಮೇಲೆಯೇ ಮುಂದಿನದು. ಒಂದು ತಪಸ್ಸುಕಾಲಕ್ಕೆ ಒಂದೇ ಸೇರ್ಪಡೆ: ಶುಕ್ರವಾರಗಳಂದು ಸಂಜೆಯ ತಿಂಡಿ ಬಿಡುವುದು, ಅಥವಾ ಬುಧವಾರವೂ ಮಾಂಸ ಬಿಡುವುದು, ಅಥವಾ ಊಟಗಳ ನಡುವೆ ಏನೂ ಬಾಯಿಗೆ ಹಾಕದಿರುವುದು. ಈ ಕೊನೆಯದು ಕೇಳಲು ಸಣ್ಣದು, ಮಾಡಿ ನೋಡಿದರೆ ಗೊತ್ತಾಗುತ್ತದೆ. ಮದ್ಯ, ಸಿಗರೇಟು ಇರುವವರು ಮೊದಲು ಅವನ್ನು ಬಿಡಲಿ. ಆದರೆ ದಿನವೂ ಹೆಚ್ಚು ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದು, ವೈದ್ಯರ ಸಹಾಯ ಬೇಕೇ ಬೇಕು. ಮೊಬೈಲ್, ಸೀರಿಯಲ್ ಬಿಡುವುದು ಒಳ್ಳೆಯ ಸೇರ್ಪಡೆ, ಆದರೆ ಆರೋಗ್ಯವಾಗಿರುವವರಿಗೆ ಆ ಎರಡು ಕಡ್ಡಾಯ ದಿನಗಳ ಒಪ್ಪೊತ್ತಿಗೆ ಅದು ಬದಲಿಯಲ್ಲ.

ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಒಪ್ಪೊತ್ತು ಮಾಡುವ ಮನಸ್ಸಿದ್ದರೆ ನಿಮ್ಮ ಪಾಪನಿವೇದನೆ ಕೇಳುವ ಗುರುಗಳಿಗೆ ಹೇಳಿ, ಅವರು ಬೇಡವೆಂದರೆ ಬಿಡಿ. ಹೇಳಿದ ಮಾತು ಕೇಳುವುದು ಕೆಲವರಿಗೆ ಹಸಿವಿಗಿಂತ ಕಷ್ಟ, ಹಾಗಾಗಿ ಅದರಲ್ಲಿ ಲಾಭವೂ ಹೆಚ್ಚು. ಅಳತೆ ಮೀರಿದೆಯೆಂದು ತಿಳಿಯುವುದು ಹೀಗೆ: ನಿದ್ದೆ ಬರುವುದಿಲ್ಲ, ಪ್ರಾರ್ಥನೆಯಲ್ಲಿ ಊಟದ್ದೇ ಯೋಚನೆ, ಮಕ್ಕಳ ಮೇಲೆ ರೇಗಾಟ, ಇತರರ ತಟ್ಟೆಯ ಮೇಲೆ ಕಣ್ಣು. ನಾಲ್ಕರಲ್ಲಿ ಯಾವುದು ಕಂಡರೂ ಅರ್ಧಕ್ಕೆ ಇಳಿಸಿ.

ಹರಕೆ ಬೇರೆ ವಿಷಯ. ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಆಗಸ್ಟ್ 29ರಿಂದ ಸೆಪ್ಟೆಂಬರ್ 8ರ ಮಾತೆಯ ಹಬ್ಬದವರೆಗೆ ಕಾವಿ ಬಟ್ಟೆ ಉಟ್ಟು ಮಾಂಸ ಬಿಡುವ ಭಕ್ತರು ಬಹಳ. ಇದು ಧರ್ಮಸಭೆಯ ಕಡ್ಡಾಯವಲ್ಲ, ನೀವಾಗಿ ಮಾತೆಯ ಮುಂದೆ ಒಪ್ಪಿಕೊಂಡದ್ದು. ಒಪ್ಪಿಕೊಂಡದ್ದನ್ನು ಹಗುರವಾಗಿ ಮುರಿಯಬಾರದು. ನಡುವೆ ಡೆಂಗಿಯೋ ಟೈಫಾಯ್ಡೋ ಬಂದರೆ ಹಟ ಹಿಡಿಯಲೂಬಾರದು. ಧರ್ಮಕೇಂದ್ರದ ಗುರುಗಳಿಗೆ ಇಂಥ ಖಾಸಗಿ ಹರಕೆಯಿಂದ ಬಿಡುಗಡೆ ಕೊಡುವ ಅಧಿಕಾರವಿದೆ. ಮಾತೆ ಶಿಕ್ಷಿಸುತ್ತಾಳೆಂಬ ಹೆದರಿಕೆಯಲ್ಲಿ ಜ್ವರದ ಮೈಯಲ್ಲಿ ನಡೆದು ಬರುವವರನ್ನು ಕಂಡರೆ ಕೈಹಿಡಿದು ಕೂರಿಸಿ.

ಮನೆಯ ಅಡುಗೆ, ಮಕ್ಕಳು, ಹುಂಡಿ

ಒಬ್ಬರ ಉಪವಾಸ ಇನ್ನೊಬ್ಬರಿಗೆ ಎರಡು ಪಟ್ಟು ಅಡುಗೆಯಾಗಬಾರದು. ಗಂಡನಿಗೆ ಒಪ್ಪೊತ್ತಿನ ವಿಶೇಷ ಪಥ್ಯ, ಮಕ್ಕಳಿಗೆ ಬೇರೆ, ಅತ್ತೆಗೆ ಬೇರೆ ಎಂದು ಬೆಳಗಿನ ಐದರಿಂದ ಒಲೆ ಮುಂದೆ ನಿಂತವಳಿಗೂ ಅಂದು ಒಪ್ಪೊತ್ತೇ ಎಂಬುದು ಯಾರಿಗೂ ಹೊಳೆಯುವುದಿಲ್ಲ. ಎಲ್ಲರಿಗೂ ಒಂದೇ ಸಾರು ಪಲ್ಯ ಮಾಡಿ, ತಟ್ಟೆಗೆ ಬಡಿಸುವ ಅಳತೆ ಮಾತ್ರ ಬದಲಿಸಿ. ಪಾತ್ರೆ ತೊಳೆಯುವುದು ಅಂದು ಗಂಡಸರ ಪಾಲಿಗೆ ಬರಲಿ.

14ರೊಳಗಿನ ಮಕ್ಕಳಿಗೆ ಎರಡೂ ನಿಯಮವಿಲ್ಲ, ಆದರೆ ತಪಸ್ಸಿನ ಅರ್ಥವನ್ನು ಅವರಿಗೆ ಕಲಿಸುವ ಹೊಣೆ ತಂದೆತಾಯಿಯದೆಂದು ಸಂಹಿತೆ ಹೇಳುತ್ತದೆ. ಊಟ ಕಡಿಮೆ ಮಾಡಬೇಡಿ. ಶುಕ್ರವಾರದ ಚಿಪ್ಸ್ ಪ್ಯಾಕೆಟ್ಟಿನ 20 ರೂಪಾಯಿಯನ್ನು ಅವರ ಕೈಯಿಂದಲೇ ದಾನದ ಡಬ್ಬಿಗೆ ಹಾಕಿಸಿ.

ಆ ಡಬ್ಬಿಯೇ ಮುಖ್ಯ. ಬೂದಿ ಬುಧವಾರ ಕಳೆದ ಶುಕ್ರವಾರದ ಪೂಜೆಯಲ್ಲಿ ಯೆಶಾಯನ 58ನೇ ಅಧ್ಯಾಯ ಓದುತ್ತಾರೆ: ಹಸಿದವನಿಗೆ ಅನ್ನ ಹಂಚುವುದೇ ದೇವರು ಮೆಚ್ಚುವ ಉಪವಾಸ. ಉಳಿತಾಯವಾಗಿ ಬ್ಯಾಂಕಿನಲ್ಲಿ ಕೂತರೆ ಅದು ಬರೀ ಮಿತವ್ಯಯ. ಲೆಕ್ಕ ಸರಳ: ವಾರಕ್ಕೆ ಒಂದು ಕಿಲೋ ಕೋಳಿಯ ಬದಲು ಕಾಳು ಸೊಪ್ಪು ತಂದಾಗ ಉಳಿದ ಹಣ, ತಿನ್ನದ ತಿಂಡಿಯ ಹಣ, ಅಂದೇ ರಾತ್ರಿ ಡಬ್ಬಿಗೆ. ತಿಂಗಳ ಕೊನೆಗೆ ಎಂದರೆ ಅದು ಖರ್ಚಾಗಿರುತ್ತದೆ. ಪವಿತ್ರ ವಾರದಲ್ಲಿ ಅದನ್ನು ಬಡವರಿಗೆ ನೆರವಾಗುವ ಧರ್ಮಕೇಂದ್ರದ ಸಂತ ವಿನ್ಸೆಂಟ್ ದೆ ಪಾಲ್ ಸಭೆಗೋ, ತಪಸ್ಸುಕಾಲದಲ್ಲಿ ಹಸಿವು ಮತ್ತು ರೋಗದ ವಿರುದ್ಧ ಅಭಿಯಾನ ನಡೆಸುವ ಕಾರಿತಾಸ್ ಇಂಡಿಯಾಗೋ ಕೊಡಿ. ನಿಮ್ಮ ಬೀದಿಯಲ್ಲೇ ಕೆಲಸ ಕಳೆದುಕೊಂಡ ಮನೆಯಿದ್ದರೆ ಅಕ್ಕಿ, ಬೇಳೆ, ಎಣ್ಣೆ ಕೊಂಡು ಕತ್ತಲಾದ ಮೇಲೆ ಮುಟ್ಟಿಸಿ ಬನ್ನಿ.

ಉಪವಾಸ ಬಿಡುವಾಗ

ಪಾಸ್ಖ ಜಾಗರಣೆಯ ಪೂಜೆ ಮುಗಿಸಿ ನಡುರಾತ್ರಿ ಮನೆಗೆ ಬಂದು ಹಂದಿ ಬಫಾತ್, ಬಿರಿಯಾನಿ ಒಟ್ಟಿಗೆ ಉಂಡವರು ಹಬ್ಬದ ದಿನ ಹಾಸಿಗೆಯಲ್ಲಿರುತ್ತಾರೆ. ರಾತ್ರಿ ಹಾಲು, ಒಂದು ತುಂಡು ಕೇಕ್ ಸಾಕು. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಹಬ್ಬದ ಊಟ ಮನಸಾರೆ. ಅಂದು ಉಪವಾಸ ಮುಂದುವರಿಸುವುದು ತಪ್ಪು, ಹಬ್ಬವನ್ನು ಹಬ್ಬವಾಗಿ ಆಚರಿಸುವುದೂ ಕರ್ತವ್ಯವೇ. ಪಾಸ್ಖದಿಂದ ಹಿಡಿದು ಎಂಟು ದಿನಗಳಿಗೂ ಮಹೋತ್ಸವದ ಮರ್ಯಾದೆ ಇರುವುದರಿಂದ ಆ ವಾರದ ಶುಕ್ರವಾರ ಮಾಂಸವರ್ಜನೆ ಇಲ್ಲ. 2027ರಲ್ಲಿ ಅದು ಏಪ್ರಿಲ್ 2. ಮತ್ತೆ ಶುಕ್ರವಾರದ ಸೊಪ್ಪುಸಾರು ಶುರುವಾಗುವುದು ಏಪ್ರಿಲ್ 9ಕ್ಕೆ, ಕಾಳನ್ನು 8ರ ರಾತ್ರಿಯೇ ನೆನೆಹಾಕಿ.